ಬೋಗಿ ಮೊದಲು, ಚಾವಣಿ ಆಮೇಲೆ

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಸೈಟ್ ಎಂಜಿನಿಯರ್. ಎಂಟು ವರ್ಷಗಳಿಂದ ಕಲ್ಯಾಣ ಮಂಟಪ, ಅಪಾರ್ಟ್‌ಮೆಂಟ್ ಕಟ್ಟಿಸುತ್ತಿದ್ದೇನೆ. ದೊಡ್ಡ ವಸ್ತುಸಂಗ್ರಹಾಲಯದ ಕಾಮಗಾರಿಯ ಉಸ್ತುವಾರಿಗೆ ಸೇರುವ ಆಸೆಯಿದೆ. ಕಾಂಕ್ರೀಟು ಎಲ್ಲ ಕಡೆಯೂ ಒಂದೇ ಅಲ್ಲವೇ? ಹೊಸದಾಗಿ ಕಲಿಯುವುದು ಏನಿದೆ?

ಉತ್ತರ: ಕಾಂಕ್ರೀಟು ಒಂದೇ, ಕೆಲಸದ ಸರದಿ ಬೇರೆ. ಕಲ್ಯಾಣ ಮಂಟಪದಲ್ಲಿ ಬಣ್ಣ ಬಳಿದು ಬೀಗದ ಕೈ ಒಪ್ಪಿಸಿದ ಮೇಲೆ ಕುರ್ಚಿ, ಪಾತ್ರೆ ಬರುತ್ತವೆ. ದೊಡ್ಡ ವಸ್ತುಸಂಗ್ರಹಾಲಯದಲ್ಲಿ ಎಷ್ಟೋ ಸಲ ಬಾಗಿಲಲ್ಲಿ ಹಿಡಿಸದ ದೊಡ್ಡ ಸಾಮಾನು ಬಂದು ಕುಳಿತ ಮೇಲೆಯೇ ಚಾವಣಿ ಹಾಕಬೇಕಾಗುತ್ತದೆ.

ವಾಷಿಂಗ್ಟನ್ನಿನಲ್ಲಿರುವ ಆಫ್ರಿಕನ್ ಅಮೆರಿಕನ್ನರ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ನೋಡಿ. ಕಪ್ಪುವರ್ಣೀಯರನ್ನು ಬೇರೆಯಾಗಿ ಕೂರಿಸುತ್ತಿದ್ದ ಕಾಲದ ಒಂದು ರೈಲು ಬೋಗಿಯನ್ನೂ ಲೂಸಿಯಾನಾದ ಅಂಗೋಲಾ ಜೈಲಿನ ಕಾಂಕ್ರೀಟ್ ಕಾವಲು ಗೋಪುರವನ್ನೂ 2013ರ ನವೆಂಬರಿನಲ್ಲಿ ಕ್ರೇನ್ ಕಟ್ಟಿ, ಕಟ್ಟಡಕ್ಕೆಂದು ತೋಡಿದ ಗುಂಡಿಗೆ ಇಳಿಸಿದರು. ಬಾಗಿಲು ತೆರೆದದ್ದು 2016ರ ಸೆಪ್ಟೆಂಬರ್ 24ರಂದು. ನಡುವಿನ ಸುಮಾರು ಮೂರು ವರ್ಷ ವೆಲ್ಡಿಂಗಿನ ಕಿಡಿ, ಸಿಮೆಂಟಿನ ಧೂಳು, ಕ್ಯೂರಿಂಗ್ ನೀರು ಎಲ್ಲವೂ ಅವುಗಳ ಆಸುಪಾಸಿನಲ್ಲೇ. ಕೈರೋದಲ್ಲೂ ಇದೇ ಕಥೆ: ಪ್ರಾಚೀನ ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್‌ನ 83 ಟನ್ ತೂಕದ ವಿಗ್ರಹ 2018ರ ಜನವರಿಯಲ್ಲೇ ಹೊಸ ವಸ್ತುಸಂಗ್ರಹಾಲಯದ ಹಜಾರ ಸೇರಿತು, ಕಟ್ಟಡ ಮುಗಿಯಲು ಆಮೇಲೆ ವರ್ಷಗಳೇ ಹಿಡಿದವು.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದು. ಸಣ್ಣದೊಂದು ಪ್ರದರ್ಶನ ಕೊಠಡಿ ಕಟ್ಟಿಸಿದ್ದೆ. ಗಿಲಾವು ಮುಗಿದ ಮೇಲೆ ವೀರಗಲ್ಲು ಬಂತು. ಟ್ರ್ಯಾಕ್ಟರಿನಿಂದ ಇಳಿಸಿ ಉರುಳೆಗಳ ಮೇಲೆ ತಳ್ಳಿಕೊಂಡು ಬಂದರೆ ಬಾಗಿಲಲ್ಲಿ ನಾಲ್ಕು ಬೆರಳು ಸಾಲದು! ಮೇಸ್ತ್ರಿ ನನ್ನ ಮುಖ ನೋಡಿದ, ನಾನು ಡ್ರಾಯಿಂಗ್ ನೋಡಿದೆ. ಹೊಸ ಚೌಕಟ್ಟು ಕೀಳಿಸಬೇಕಾಯಿತು. ಕಲ್ಲಿನ ಅಳತೆಯನ್ನು ಮೊದಲೇ ಕೇಳದಿದ್ದವನು ನಾನೇ. ಆದ್ದರಿಂದ ಪಾಯ ತೋಡುವ ಮೊದಲು ಸಂಗ್ರಹಪಾಲಕರಿಂದ ಅತಿ ದೊಡ್ಡ, ಅತಿ ಭಾರದ, ಅತಿ ಸೂಕ್ಷ್ಮ ವಸ್ತುಗಳ ಪಟ್ಟಿ ಬರೆಸಿಕೊಳ್ಳಿ. ಲಾರಿ ನಿಲ್ಲುವ ಜಾಗದಿಂದ ಪೀಠದವರೆಗಿನ ದಾರಿಯನ್ನು ಟೇಪು ಹಿಡಿದು ನೀವೇ ಅಳೆಯಿರಿ.

ಇನ್ನು ಒಣಗುವ ವಿಷಯ. ಸಕಲೇಶಪುರದ ಬೆಳೆಗಾರರು ಕಣದ ಕಾಫಿಯನ್ನು ತೇವ ನೋಡದೆ ಚೀಲಕ್ಕೆ ತುಂಬುವುದಿಲ್ಲ, ಅವಸರ ಮಾಡಿದರೆ ಬೂಷ್ಟು ಖಂಡಿತ. ಹಸಿ ಕಾಂಕ್ರೀಟೂ ಹಾಗೆಯೇ, ತಿಂಗಳುಗಟ್ಟಲೆ ತೇವ ಬಿಡುತ್ತಲೇ ಇರುತ್ತದೆ. ತಾಳೆಗರಿ, ಬಟ್ಟೆ, ಬಣ್ಣದ ಚಿತ್ರಗಳಿಗೆ ಅದು ವಿಷ. ಹವಾನಿಯಂತ್ರಣವನ್ನು ಖಾಲಿ ಕಟ್ಟಡದಲ್ಲಿ ಕೆಲವು ತಿಂಗಳು ಓಡಿಸಿ, ತೇವಾಂಶದ ಏರಿಳಿತ ನಿಂತಿದೆ ಎಂದು ದಾಖಲೆಯಲ್ಲಿ ಕಂಡ ಮೇಲೆಯೇ ಇಂಥ ಸೂಕ್ಷ್ಮ ವಸ್ತುಗಳನ್ನು ಒಳಗೆ ಬಿಡಬೇಕು. ಉದ್ಘಾಟನೆಯ ದಿನ ಹತ್ತಿರ ಬಂದಾಗ ಎಲ್ಲರೂ ಕತ್ತರಿಸಲು ನೋಡುವುದು ಈ ತಿಂಗಳುಗಳನ್ನೇ. ಬಿಟ್ಟುಕೊಡಬೇಡಿ.

ಗುತ್ತಿಗೆಯ ಮಾತೂ ಒಂದಿದೆ. ಪ್ರದರ್ಶನದ ವಿನ್ಯಾಸ ಕೊನೆಯವರೆಗೂ ಬದಲಾಗುತ್ತದೆ. ನಮ್ಮ ಮಾಮೂಲಿ ಟೆಂಡರಿನಲ್ಲಿ ಪ್ರತಿ ಬದಲಾವಣೆಯೂ ಹೆಚ್ಚುವರಿ ಬಿಲ್ಲಿನ ಜಗಳವಾಗುತ್ತದೆ. ಕ್ಯಾನ್‌ಬೆರಾದಲ್ಲಿ ಆಸ್ಟ್ರೇಲಿಯಾದ ರಾಷ್ಟ್ರೀಯ ವಸ್ತುಸಂಗ್ರಹಾಲಯ ಕಟ್ಟುವಾಗ ಮಾಲೀಕರು, ವಾಸ್ತುಶಿಲ್ಪಿಗಳು, ಗುತ್ತಿಗೆದಾರರು ಲಾಭ ನಷ್ಟ ಹಂಚಿಕೊಳ್ಳುವ ಕೂಟದ ಒಪ್ಪಂದ ಮಾಡಿಕೊಂಡರು. ಆಸ್ಟ್ರೇಲಿಯಾ ಒಕ್ಕೂಟವಾದದ್ದರ ಶತಮಾನೋತ್ಸವದ ವರ್ಷವಾದ 2001ರ ಮಾರ್ಚ್ 11ರಂದು ಅದು ತೆರೆಯಿತು. ಇಲ್ಲಿ ಅದನ್ನು ಹಾಗೆಯೇ ಇಳಿಸುವುದು ಕಷ್ಟ. ಆದರೂ ಪ್ರದರ್ಶನದ ಕೆಲಸಕ್ಕೆ ಬೇರೆ ಗುತ್ತಿಗೆ, ಬೇರೆ ಹಣ ಇಡಿಸಲು ನಿಮ್ಮಿಂದ ಆಗುತ್ತದೆ.

ಪ್ರಶ್ನೆ: ಚಿಕ್ಕಮಗಳೂರಿನಲ್ಲಿ ನಮ್ಮ ಸಂಘದ ಸಣ್ಣ ಸಂಗ್ರಹಾಲಯಕ್ಕೆ ಜಾಗ ಕಡಿಮೆ. ಉಗ್ರಾಣವನ್ನು ನೆಲಮಾಳಿಗೆಯಲ್ಲಿ ಮಾಡಬಹುದೇ?

ಉತ್ತರ: ಬೇಡ. ವಾಷಿಂಗ್ಟನ್ನಿನವರು ಕಟ್ಟಡದ ಅರ್ಧಕ್ಕೂ ಹೆಚ್ಚು ಭಾಗವನ್ನು ನೆಲದಡಿ ಇಟ್ಟರು ನಿಜ. ಆದರೆ ಅಂತರ್ಜಲ ತಡೆಯಲು ಸುತ್ತ ಭಾರೀ ಗೋಡೆ ಕಟ್ಟಿ, ಪಂಪುಗಳನ್ನು ಇಟ್ಟುಕೊಂಡರು. ಆಷಾಢದ ಮಳೆಗೆ ನೆಲದಿಂದಲೇ ಒರತೆ ಏಳುವ ಊರಿನಲ್ಲಿ, ರಾತ್ರಿ ಕರೆಂಟ್ ಹೋದರೆ ನಿಮ್ಮ ಪಂಪನ್ನು ಓಡಿಸುವವರು ಯಾರು? ಉಗ್ರಾಣವನ್ನು ಎತ್ತರದ ಜಗಲಿಯ ಮೇಲೆ ಕಟ್ಟಿ. ಅದರ ನೆತ್ತಿಯ ಮೇಲೆ ಶೌಚಾಲಯವಾಗಲಿ, ನೀರಿನ ಪೈಪಾಗಲಿ ಬಾರದಂತೆ ನೋಡಿಕೊಳ್ಳಿ.