ಹೊಗೆ ಕೋಣೆ, ಎಕ್ಸಾಸ್ಟ್ ಫ್ಯಾನ್ ಮತ್ತು ಸ್ವಾತಂತ್ರ್ಯ

ಆಫೀಸಿನಲ್ಲಿ ಸಿಗರೇಟು ಪೂರ್ತಿ ನಿಷೇಧಿಸುವ ಬದಲು ಎಕ್ಸಾಸ್ಟ್ ಫ್ಯಾನ್ ಇರುವ ಕೋಣೆಯೊಂದನ್ನು ಬಿಟ್ಟುಕೊಟ್ಟರೆ ಸೇದುವವರ ಸ್ವಾತಂತ್ರ್ಯವೂ ಉಳಿಯುತ್ತದಲ್ಲವೇ ಎಂದು ಕೇಳಿದ್ದೀರಿ. ಉಳಿಯಬಹುದು, ಆದರೆ ಹೊಗೆ ಆ ಕೋಣೆಯಲ್ಲೇ ಉಳಿಯುವುದಿಲ್ಲ. ಬಾಗಿಲು ತೆರೆದಾಗಲೆಲ್ಲ ಅದು ಬೀಸಣಿಗೆಯಂತೆ ಹೊಗೆಯನ್ನು ಹೊರಗೆ ಎಳೆಯುತ್ತದೆ, ಹೊರಬರುವವರ ಬೆನ್ನಿಗೂ ಒಂದಿಷ್ಟು ಅಂಟಿಕೊಂಡು ಬರುತ್ತದೆ. ಕೋಣೆಯ ಗಾಳಿ ಎಸಿ ಡಕ್ಟಿಗೆ ಮರಳುವಂತಿದ್ದರೆ ಇಡೀ ಮಹಡಿಗೇ ಹಂಚಿದಂತೆ. ಹೊಗೆಯ ಕಣಗಳು ಬಹುತೇಕ ಒಂದು ಮೈಕ್ರಾನಿಗಿಂತ ಚಿಕ್ಕವು, ಸಾಮಾನ್ಯ ಎಸಿ ಜಾಲರಿಗೆ ಸಿಗುವುದಿಲ್ಲ. ಅನಿಲಗಳನ್ನಂತೂ ಅತಿ ಸಣ್ಣ ಕಣಗಳನ್ನು ಹಿಡಿಯುವ ಹೆಪಾ ಫಿಲ್ಟರೂ ತಡೆಯದು. ಮತ್ತೆ, ಆ ಕೋಣೆ ಗುಡಿಸುವವರು ಯಾರು? ಅವರಿಗೂ ಶ್ವಾಸಕೋಶವಿದೆ.

2004ರಲ್ಲಿ ಐರ್ಲೆಂಡ್ ಪಬ್ಬುಗಳನ್ನೂ ಸೇರಿಸಿ ಕೆಲಸದ ಜಾಗಗಳಲ್ಲಿ ಸೇದುವುದಕ್ಕೆ ನಿಷೇಧ ತಂದಾಗ ಮುಖ್ಯ ವಾದವೇ ಕೆಲಸಗಾರರ ಆರೋಗ್ಯವಾಗಿತ್ತು.

ನಿಯಮ ಜಾಗಕ್ಕಿರಲಿ, ಮನುಷ್ಯನಿಗೆ ಬೇಡ. ರಜೆಯಲ್ಲಿ ಸೇದಿದ್ದಕ್ಕೆ ದಂಡ, ಮೂತ್ರ ಪರೀಕ್ಷೆ ಇವೆಲ್ಲ ಖಂಡಿತ ಅತಿಕ್ರಮಣ. ಪರೀಕ್ಷೆಯಲ್ಲಿ ಸಿಗುವ ಕೋಟಿನಿನ್ (ದೇಹದೊಳಗೆ ನಿಕೋಟಿನ್ ಒಡೆದು ಆಗುವ ವಸ್ತು) ದೇಹದಲ್ಲಿ ಹಲವು ದಿನ ಇರುತ್ತದೆ, ನಿಕೋಟಿನ್ ಗಮ್ ಅಗಿದವರಲ್ಲೂ ಕಾಣುತ್ತದೆ. ಎಲ್ಲಿ ಸೇದಿದರೆಂದು ಅದು ಹೇಳಲಾರದು.

ಹೊರಗೆ ಜಾಗ ಕೊಡುವುದಾದರೆ ಬಾಗಿಲು, ಕಿಟಕಿ, ಎಸಿ ಗಾಳಿ ಎಳೆಯುವ ಬಾಯಿ ಇವುಗಳಿಂದ ಕನಿಷ್ಠ 8 ಮೀಟರ್ ದೂರವಿಡಿ. ಬೂದಿ ಡಬ್ಬಿಯನ್ನೂ ಅಲ್ಲೇ ಇಡಿ, ಬಾಗಿಲ ಬಳಿ ಇಟ್ಟರೆ ಜನ ಅಲ್ಲೇ ನಿಲ್ಲುತ್ತಾರೆ. ವಿರಾಮದ ಸಮಯ ಸೇದದವರಿಗೂ ಅಷ್ಟೇ ಸಿಗಲಿ, ಇಲ್ಲದಿದ್ದರೆ ಜಗಳ ಅಲ್ಲಿಂದಲೇ ಶುರು.