ಅಪ್ಪನ ಹಳೇ ಟೇಬಲ್ ಸಾಗೆ ಪಾರ್ಟ್ಸ್ ಎಲ್ಲಿ ಸಿಗತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಗೋಕಾಕ, ಈಗ ಪುಣೆ ಪಿಂಪ್ರಿಯಲ್ಲಿದ್ದೀವಿ. ಅಪ್ಪ ಫರ್ನಿಚರ್ ಕೆಲಸ ಮಾಡ್ತಿದ್ರು. ಅವ್ರು ಮುಚ್ಚಿಹೋದ ಒಂದು ಕಾರ್ಖಾನೆಯಿಂದ ತಂದಿದ್ದ ವಾಡ್ಕಿನ್ ಟೇಬಲ್ ಸಾ (ಮೇಜಿನ ಮೇಲೆ ಮರ ಸೀಳೋ ಗರಗಸದ ಮೆಷಿನ್) ಹತ್ತು ವರ್ಷದಿಂದ ತಾಡಪತ್ರಿ ಕೆಳಗಿದೆ. ಬ್ಲೇಡ್ ಶಾಫ್ಟ್ ತಿರುಗಿಸಿದ್ರೆ ಗರಗರ ಅನ್ನತ್ತೆ, ಬ್ಲೇಡ್ ಎತ್ತೋ ಹ್ಯಾಂಡ್‌ವೀಲ್ ಒಡೆದು ಒಂದು ತುಂಡು ಕಳೆದೇ ಹೋಗಿದೆ, ಹಲಗೆ ನೇರ ಹೋಗೋಕೆ ಒತ್ತಿಡೋ ಫೆನ್ಸ್ ಪಟ್ಟಿಯ ಬೋಲ್ಟಿಗೆ ನಟ್ ಇಲ್ಲ, ಬ್ಲೇಡ್ ಹಿಂದೆ ನಿಲ್ಲೋ ರೈವಿಂಗ್ ನೈಫ್ ಕೂಡ ಇಲ್ಲ. ಮೋಟರ್ ತ್ರೀ ಫೇಸ್, ನಮ್ಮನೇದು ಸಿಂಗಲ್ ಫೇಸ್. ಭಂಗಾರ್‌ನವನು (ಗುಜರಿಯವನು) ಕಿಲೋ ಲೆಕ್ಕದಲ್ಲಿ ಕೇಳ್ತಿದ್ದಾನೆ. ಕೊಟ್ಬಿಡ್ಲಾ?

ಉತ್ತರ: ಕೊಡಬೇಡಿ. ದಯವಿಟ್ಟು ಕೊಡಬೇಡಿ. ವಾಡ್ಕಿನ್ ಅಂದ್ರೆ 1897ರಲ್ಲಿ ಇಂಗ್ಲೆಂಡಿನ ಲೆಸ್ಟರ್‌ನಲ್ಲಿ ಶುರುವಾದ ಕಂಪನಿ, ಆ ಬೀಡುಕಬ್ಬಿಣದ ಟೇಬಲ್ ತೂಕಾನೇ ಬೇರೆ, ಇವತ್ತು ತಗಡಿನ ಸ್ಟ್ಯಾಂಡ್ ಮೇಲೆ ಬರೋ ಮೆಷಿನ್‌ಗಳಲ್ಲಿ ಆ ಗಟ್ಟಿತನ ಹುಡುಕಿದ್ರೂ ಸಿಗಲ್ಲ. ಇನ್ನೊಂದು ಅನುಕೂಲ ಏನಂದ್ರೆ ಇಂಗ್ಲೆಂಡಿಂದೂ ನಮ್ಮ ಥರಾನೇ 50 ಹರ್ಟ್ಸ್ ಕರೆಂಟು, ಹಾಗಾಗಿ ಮೋಟರ್ ಸ್ಪೀಡ್ ಚಿಂತೆ ಇಲ್ಲ. ಅಮೆರಿಕದ 60 ಹರ್ಟ್ಸ್ ಮೋಟರ್ ಆಗಿದ್ರೆ ಇಲ್ಲಿ ನಿಧಾನ ಆಗ್ತಿತ್ತು.

ಅಂಗಡೀಗೆ ಹೋಗಿ ವಾಡ್ಕಿನ್ ಪಾರ್ಟ್ ಇದೆಯಾ ಅಂತ ಕೇಳಿದ್ರೆ ಎಲ್ರೂ ತಲೆ ಅಲ್ಲಾಡಿಸ್ತಾರೆ. ಬೇರಿಂಗು, ಬೆಲ್ಟು, ನಟ್ಟು ಇವ್ಯಾವುದೂ ಆ ಒಂದೇ ಮೆಷಿನ್‌ಗೆ ಅಂತ ಹುಟ್ಟಿದ್ದಲ್ಲ, ಅಳತೆ ಹೇಳಿ ಕೇಳಿ. ಮಿಮೀ ಭಾಗದವರೆಗೂ ಅಳೆಯೋ ಒಂದು ವರ್ನಿಯರ್ ಇಟ್ಕೊಳ್ಳಿ. ಗರಗರ ಅನ್ನೋ ಆ ಶಾಫ್ಟಿನ ಬೇರಿಂಗ್ ಅಂಚನ್ನ ಸೀಮೆಎಣ್ಣೆಯಲ್ಲಿ ಉಜ್ಜಿದ್ರೆ ನಂಬರ್ ಕಾಣತ್ತೆ, 6204 ಅಂದ್ರೆ ಒಳವ್ಯಾಸ 20 ಮಿಮೀ, ಹೊರಗೆ 47, ದಪ್ಪ 14, ಯಾವ ಬೇರಿಂಗ್ ಅಂಗಡಿಯಲ್ಲೂ ಸಿಗತ್ತೆ, ಎರಡೂ ಕಡೆ ರಬ್ಬರ್ ಸೀಲ್ ಇರೋದೇ ತಗೊಳ್ಳಿ, ಮರದಪುಡಿ ಒಳಗೆ ಹೋಗಲ್ಲ. ಆದ್ರೆ ಒಳವ್ಯಾಸ 25.4 ಬಂತು ಅಂದ್ರೆ ಅದು ಇಂಚಿನ ಬೇರಿಂಗು, ಆಗ ಅಂಗಡಿಯವ್ನು 25 ಮಿಮೀದು ಕೊಟ್ಟು ಶಾಫ್ಟ್ ಸ್ವಲ್ಪ ಉಜ್ಜಿಸ್ಕೊಳ್ಳಿ ಅಂತಾನೆ, ಅವನ ಮಾತು ಕೇಳಲೇಬೇಡಿ, ಶಾಫ್ಟ್ ಒಂದ್ಸಲ ಕೆತ್ತಿಸಿದ್ರೆ ಮುಗೀತು. ಇಂಚಿನ ಬೇರಿಂಗ್ ಈಗ್ಲೂ ತಯಾರಾಗತ್ತೆ, ತರಿಸ್ಕೊಡಿ ಅಂತ ಹೇಳಿ ಕಾಯಿರಿ.

ನಟ್ ವಿಷಯ ಸಣ್ಣದು ಅನ್ಸತ್ತೆ, ಆದ್ರೆ ನಾನು ಕೈ ಸುಟ್ಟುಕೊಂಡಿದ್ದು ಅಲ್ಲೇ. ಮುಂಬೈ ನಾಗದೇವಿ ಸ್ಟ್ರೀಟಲ್ಲಿ ಅರ್ಧ ಇಂಚಿನ ನಟ್ ತಂದೆ, ಎರಡು ಸುತ್ತು ಕೈಯಲ್ಲೇ ಆರಾಮಾಗಿ ಹೋಯ್ತು, ಆಮೇಲೆ ಬಿಗಿ ಆಯ್ತು, ತುಕ್ಕು ಇರ್ಬೇಕು ಅಂತ ಸ್ಪ್ಯಾನರ್ ಹಾಕಿ ತಿರುಗಿಸಿದೆ, ಬಿಚ್ಚಿ ನೋಡಿದ್ರೆ ಬೋಲ್ಟಿನ ಆಟೆ (ಥ್ರೆಡ್) ಪೂರ್ತಿ ಚಪ್ಪಟೆ. ಹಳೇ ಇಂಗ್ಲಿಷ್ ವಿಟ್‌ವರ್ತ್ ಅಳತೆಯ (ಬಿಎಸ್‌ಡಬ್ಲ್ಯೂ) ಬೋಲ್ಟಲ್ಲಿ ಅರ್ಧ ಇಂಚಿನ ಸೈಜಿಗೆ ಒಂದು ಇಂಚಲ್ಲಿ 12 ಆಟೆ, ಕೋನ 55 ಡಿಗ್ರಿ. ನನಗೆ ಕೊಟ್ಟಿದ್ದು ಅಮೆರಿಕದ ಯುಎನ್‌ಸಿ ಅಳತೇದು, 13 ಆಟೆ, 60 ಡಿಗ್ರಿ. ಕಣ್ಣಿಗೆ ಎರಡೂ ಒಂದೇ! ಅದಕ್ಕೆ ಥ್ರೆಡ್ ಗೇಜ್ ಇಟ್ಟು ನೋಡಿ, ಬೋಲ್ಟನ್ನೇ ಜೇಬಲ್ಲಿ ಹಾಕ್ಕೊಂಡು ಹೋಗಿ, ಬಿಎಸ್‌ಡಬ್ಲ್ಯೂ ಅಂತ ಹೇಳಿ ಕೇಳಿ. ನಿಮಗೆ ಪುಣೆಯಲ್ಲೇ ರವಿವಾರ ಪೇಠೆಯ ಬೋಹ್ರಿ ಆಳಿ ಅನ್ನೋ ಹಾರ್ಡ್‌ವೇರ್ ಅಂಗಡಿಗಳ ಬೀದಿ ಇದೆ, ಹಳೇ ಸಾಮಾನಿನ ಸಂತೆ ಜುನಾ ಬಜಾರ್ ಬುಧವಾರ, ಭಾನುವಾರ ಕೂರತ್ತೆ, ಹಳೇ ನಟ್ಟು ಅಲ್ಲೇ ಸಿಗೋ ಚಾನ್ಸ್ ಜಾಸ್ತಿ. ಬ್ಲೇಡಿನ ನಟ್ ಬಿಚ್ಚುವಾಗ್ಲೂ ಮೊದ್ಲು ಮೇನ್ ಸ್ವಿಚ್ ಆಫ್ ಮಾಡಿ, ಬ್ಲೇಡ್ ಯಾವ ಕಡೆ ತಿರುಗತ್ತೋ ಆ ಕಡೆಗೇ ನಟ್ ತಿರುಗಿಸಿ, ಕೆಲವಕ್ಕೆ ಎಡಗೈ ಆಟೆ, ಅಂದ್ರೆ ಉಲ್ಟಾ ತಿರುಗೋ ಆಟೆ ಇರತ್ತೆ.

ಹ್ಯಾಂಡ್‌ವೀಲ್ ತುಂಡುಗಳನ್ನ ಎಸೀಬೇಡಿ, ನಿಮಗೆ ಡ್ರಾಯಿಂಗ್ ಅಂದ್ರೆ ಅವೇ. ಎಲ್ಲಾ ತುಂಡು ಇದ್ದಿದ್ರೆ ಹಿತ್ತಾಳೆ ಬೆಸುಗೆ ಸಾಕಿತ್ತು. ಈಗ ಇರೋ ತುಂಡು ಅಂಟಿಸಿ, ಕಳೆದ ಭಾಗವನ್ನ ಎಂಸೀಲಿಂದ ತುಂಬಿ ಅದನ್ನೇ ಎರಕದ ಪ್ಯಾಟರ್ನ್ (ಅಚ್ಚು ತೆಗೆಯೋ ಮಾದರಿ) ಮಾಡಿ. ಬೀಡು ಆರಿದಾಗ ನೂರಕ್ಕೆ ಸುಮಾರು ಒಂದು ಪಾಲು ಕುಗ್ಗತ್ತೆ, 150 ಮಿಮೀ ಚಕ್ರ ಹಾಗೇ ಎರಕ ಹೊಯ್ದ್ರೆ ಒಂದೂವರೆ ಮಿಮೀ ಸಣ್ಣದಾಗಿ ಬರತ್ತೆ. ಸುತ್ತಳತೆಗೆ ಅದು ತೊಂದ್ರೆ ಇಲ್ಲ, ಶಾಫ್ಟ್ ಕೂರೋ ನಡುವಿನ ದಪ್ಪ ಭಾಗ, ಅಂದ್ರೆ ಬಾಸ್ ಹತ್ರ ಮಾತ್ರ ಮೂರು ಮಿಮೀ ಪುಟ್ಟಿ ಜಾಸ್ತಿ ಹಚ್ಚಿ ತೂತು ಮುಚ್ಬಿಡಿ, ಆಮೇಲೆ ಲೇತಲ್ಲಿ ತೂತು ಕೊರೆಸಿ ಚಕ್ರ ಶಾಫ್ಟ್ ಮೇಲೆ ಜಾರದ ಹಾಗೆ ಕೀ ಹೊಡೆಸ್ಕೊಂಡ್ರಾಯ್ತು. ನಿಮ್ಮ ಹತ್ರದ ಭೋಸರಿ ಕೈಗಾರಿಕಾ ಪ್ರದೇಶದಲ್ಲಿ ಒಂದೇ ಪೀಸ್ ಅಂದ್ರೆ ಬೇಡ ಅನ್ನಬಹುದು. ಊರಿಗೆ ಹೋಗ್ತೀರಲ್ಲ, ಬೆಳಗಾವಿ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಬೇರೆಯವ್ರ ಎರಕದ ಜೊತೆ ಇದೊಂದನ್ನೂ ಹಾಕಿಕೊಡ್ರಿ ಅಂತ ಕನ್ನಡದಲ್ಲೇ ಕೇಳಿ ನೋಡಿ.

ಮೋಟರ್ ಬದಲಾಯಿಸ್ಬೇಡಿ. ಪ್ಲೇಟ್ ಮೇಲೆ 230/400 ಥರ ಎರಡು ವೋಲ್ಟೇಜ್ ಇದ್ರೆ ಎಲೆಕ್ಟ್ರಿಷಿಯನ್ ಹತ್ರ ಕಡಿಮೆ ವೋಲ್ಟೇಜಿನ ಡೆಲ್ಟಾ ಕನೆಕ್ಷನ್ ಮಾಡಿಸಿ, ಸಿಂಗಲ್ ಫೇಸ್ ತಗೊಂಡು ತ್ರೀ ಫೇಸ್ ಕೊಡೋ ವಿಎಫ್‌ಡಿ ಅನ್ನೋ ಡಬ್ಬಿ ಹಾಕಿದ್ರೆ ಓಡತ್ತೆ. ಒಂದೇ ವೋಲ್ಟೇಜ್ ಇದ್ರೆ ವೈಂಡಿಂಗ್‌ನವ್ರಿಗೆ ತೋರ್ಸಿ.

ರೈವಿಂಗ್ ನೈಫ್ ಮಾತ್ರ ಕಡೇಗೆ ನೋಡೋಣ ಅಂತ ಬಿಡಬೇಡಿ. ಸೀಳಿದ ಮರ ಬ್ಲೇಡನ್ನ ಹಿಂದೆ ಹಿಡಿದ್ರೆ ಹಲಗೆ ನೇರ ಎದೆಗೆ ಬರತ್ತೆ, ಅದನ್ನ ತಡೆಯೋದು ಈ ಪಟ್ಟಿ. ಬ್ಲೇಡ್ ತಗಡು 2.2 ಮಿಮೀ, ಹಲ್ಲು ಸೀಳೋ ಕಟ್ 3.2 ಮಿಮೀ ಇದ್ರೆ ಪಟ್ಟಿ 2.5 ಮಿಮೀ ಉಕ್ಕು ಇರ್ಲಿ, ತಗಡಿಗಿಂತ ದಪ್ಪ, ಕಟ್‌ಗಿಂತ ತೆಳು. ಬ್ಲೇಡಿನ ದುಂಡಿಗೆ ಸರಿಯಾಗಿ ರಟ್ಟಿನಲ್ಲಿ ಆಕಾರ ಕತ್ತರಿಸಿ ಕೊಟ್ರೆ ಲೇಸರ್ ಕಟಿಂಗ್‌ನವ್ರು ಮಾಡಿಕೊಡ್ತಾರೆ. ಅದು ಬಂದು ಕೂರೋವರೆಗೂ ಆ ಮೆಷಿನ್ ಮೇಲೆ ಒಂದು ಹಲಗೇನೂ ಇಡಬೇಡಿ.