ರಮ್ ಸುರಿದ ಮಾತ್ರಕ್ಕೆ ಹಸಿ ಹಿಟ್ಟು ಬೇಯುವುದಿಲ್ಲ

ಕೇಕ್ ಪುಡಿಗೆ ಚಾಕೊಲೇಟ್, ರಮ್ ಸೇರಿಸಿ ಕಟ್ಟುವ ಉಂಡೆ, ಅಂದರೆ ಚಾಕೊಲೇಟ್ ರಮ್ ಬಾಲ್ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಒಂದೇ ಪ್ರಶ್ನೆ. ಮಾತು ಬೇರೆ ಬೇರೆ ಇರುತ್ತದೆ, ಅಷ್ಟೇ. ಒಬ್ಬೊಬ್ಬರಿಗೂ ಉತ್ತರ ಬರೆದು ಸಾಕಾಗಿದೆ. ಅದಕ್ಕೇ ಈ ಸಲ ಅದನ್ನೇ ಮೊದಲು ತೆಗೆದುಕೊಂಡು, ಪೂರ್ತಿ ಬಿಡಿಸಿ ಹೇಳುತ್ತೇನೆ. ಪ್ಯಾಕೆಟ್ ಮಿಕ್ಸ್‌ನಿಂದ ಕೇಕ್ ಮಾಡುವುದು ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಅದು ಪ್ಯಾಕೆಟ್ ಹಿಂದೆಯೇ ಇದೆ, ಓದಿಕೊಳ್ಳಿ.

ಪ್ರಶ್ನೆ: ಓವನ್ ಬೇಡ, ಹತ್ತೇ ನಿಮಿಷ ಸಾಕು ಅನ್ನುವ ವಿಡಿಯೊ ನೋಡಿದೆ. ಕೇಕ್ ಮಿಕ್ಸ್ ಪುಡಿಗೇ ನೇರವಾಗಿ ಬೆಣ್ಣೆ, ಕಂಡೆನ್ಸ್ಡ್ ಮಿಲ್ಕ್, ರಮ್ ಹಾಕಿ ಉಂಡೆ ಕಟ್ಟುತ್ತಾರೆ. ರಮ್ ಇರುವುದರಿಂದ ಕ್ರಿಮಿಗಳೆಲ್ಲ ಸಾಯುತ್ತವಂತೆ. ನನ್ನದು ಮೊಟ್ಟೆ ಬೇಡದ ಮಿಕ್ಸ್. ಬೇಕಿದ್ದರೆ ಪುಡಿಯನ್ನು ಎರಡು ನಿಮಿಷ ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿಕೊಳ್ಳುತ್ತೇನೆ. ಮಾಡಬಹುದಾ?

ಉತ್ತರ: ಬೇಡ. ಈಗಾಗಲೇ ಮಾಡಿಟ್ಟಿದ್ದರೆ ಎಸೆದುಬಿಡಿ.

ಮೊದಲು ಮೊಟ್ಟೆಯ ವಿಷಯ. ಹಸಿ ಕೇಕ್ ಹಿಟ್ಟು ತಿನ್ನಬಾರದು ಅಂದ ತಕ್ಷಣ ಎಲ್ಲರೂ ಮೊಟ್ಟೆಯ ಕಡೆ ಬೆರಳು ತೋರಿಸುತ್ತಾರೆ. ಮೊಟ್ಟೆ ಇಲ್ಲ ಅಂದರೆ ಭಯವೂ ಇಲ್ಲ ಅಂದುಕೊಳ್ಳುತ್ತಾರೆ. ಮೈದಾ ಕೂಡ ಹಸಿ ಪದಾರ್ಥವೇ. ಗೋಧಿ ಬಯಲಲ್ಲಿ ಬೆಳೆಯುತ್ತದೆ. ಅದರ ಮೇಲೆ ಹಕ್ಕಿ, ಪ್ರಾಣಿಗಳ ಹಿಕ್ಕೆ ಬೀಳುತ್ತದೆ, ಮಣ್ಣು ತಾಗುತ್ತದೆ. ಮಿಲ್ಲಿನಲ್ಲಿ ಬೀಸುತ್ತಾರೆ, ಜರಡಿ ಹಿಡಿಯುತ್ತಾರೆ. ಸಾಮಾನ್ಯವಾಗಿ ಬೇಯಿಸುವುದಿಲ್ಲ. ಅದಕ್ಕೇ ಇ. ಕೋಲಿ, ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ಮೈದಾದಲ್ಲಿ ಇರಬಹುದು. ಒಣ ಪುಡಿಯಲ್ಲಿ ಅವು ಬೆಳೆಯುವುದಿಲ್ಲ, ಆದರೆ ತಿಂಗಳುಗಟ್ಟಲೆ ಸಾಯದೆ ಕೂತಿರುತ್ತವೆ.

ಇದು ನಾನು ಸುಮ್ನೆ ಹೆದರಿಸುವ ಮಾತಲ್ಲ. 2021ರಲ್ಲಿ ಅಮೆರಿಕದಲ್ಲಿ ಕೇಕ್ ಮಿಕ್ಸ್‌ನಿಂದಲೇ ಇ. ಕೋಲಿ ಹರಡಿ 12 ರಾಜ್ಯಗಳಲ್ಲಿ 16 ಮಂದಿ ಕಾಯಿಲೆ ಬಿದ್ದರು. ವಿಚಾರಿಸಿದಾಗ ಅವರಲ್ಲಿ ಹಲವರು ಬೇಯಿಸದ ಹಿಟ್ಟನ್ನು ರುಚಿ ನೋಡಿದ್ದು, ತಿಂದಿದ್ದು ಗೊತ್ತಾಯಿತು. ಹೆಚ್ಚಿನವರು 18 ವರ್ಷದೊಳಗಿನವರು. ಅಂದರೆ ಪಾತ್ರೆ ನೆಕ್ಕುವ ಮಕ್ಕಳು.

ಇನ್ನು ರಮ್. ಕೈ ತೊಳೆಯುವ ಸ್ಯಾನಿಟೈಸರ್‌ನಲ್ಲಿ ಆಲ್ಕೋಹಾಲ್ ಕನಿಷ್ಠ ಶೇ. 60 ಇರಬೇಕು ಅನ್ನುತ್ತಾರೆ. ರಮ್ ಬಾಟಲಿಯಲ್ಲಿ ಇರುವುದೇ ಸುಮಾರು ಶೇ. 40. ಅದರಲ್ಲಿ ನೀವು ಹಾಕುವುದು ನಾಲ್ಕು ಟೇಬಲ್ ಸ್ಪೂನ್, ಅಂದರೆ 60 ಮಿ.ಲೀ. ಅದರೊಳಗಿನ ಆಲ್ಕೋಹಾಲ್ 24 ಮಿ.ಲೀ. ಅದನ್ನು ಮುಕ್ಕಾಲು ಕಿಲೋ ಹಿಟ್ಟು, ಸಕ್ಕರೆ, ಬೆಣ್ಣೆಗೆ ಕಲಸಿದ ಮೇಲೆ ನೂರಕ್ಕೆ ಮೂರು ಪಾಲು ಉಳಿಯುತ್ತದೆ. ಅಷ್ಟರಲ್ಲಿ ಯಾವ ಕ್ರಿಮಿಯೂ ಸಾಯುವುದಿಲ್ಲ. ವಿಡಿಯೊದಲ್ಲಿ ನಗುನಗುತ್ತಾ ಇದನ್ನು ಹೇಳುವವರ ಮೇಲೆ ನನಗೆ ನಿಜವಾಗಿ ಕೋಪ ಬರುತ್ತದೆ. ಲಕ್ಷ ಜನ ನೋಡುವ ಕಡೆ ಒಂದು ಲೆಕ್ಕ ಮಾಡುವಷ್ಟೂ ತಾಳ್ಮೆ ಇಲ್ಲ ಅಂದರೆ ಹೇಗೆ?

ಪುಡಿಯನ್ನು ಮೈಕ್ರೋವೇವ್‌ನಲ್ಲಿ ಬಿಸಿ ಮಾಡುವುದು ಕೇಳಲು ಬುದ್ಧಿವಂತಿಕೆ ಅನ್ನಿಸುತ್ತದೆ. ಆದರೆ ನೀರಿನಂಶ ಇದ್ದಾಗ ಬೇಗ ಸಾಯುವ ಬ್ಯಾಕ್ಟೀರಿಯಾ, ಒಣ ಪುಡಿಯಲ್ಲಿ ಅದೇ ಶಾಖವನ್ನು ಎಷ್ಟೋ ಹೊತ್ತು ತಡೆದುಕೊಳ್ಳುತ್ತವೆ. ಮೇಲಾಗಿ ಮೈಕ್ರೋವೇವ್ ಒಂದೇ ಸಮ ಬಿಸಿ ಮಾಡುವುದಿಲ್ಲ. ಒಂದು ಕಡೆ ಸಕ್ಕರೆ ಕರಗಿ ಸೀದಿರುತ್ತದೆ, ಪಕ್ಕದಲ್ಲೇ ಪುಡಿ ಉಗುರು ಬೆಚ್ಚಗಿರುತ್ತದೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ (ಎಫ್‌ಡಿಎ) ಮನೆಯಲ್ಲಿ ಮೈದಾ ಹುರಿದು 'ಶುದ್ಧ' ಮಾಡುವುದು ಬೇಡ ಅಂತಲೇ ಹೇಳಿದೆ. ಪ್ಯಾಕೆಟ್ ಮೇಲೆ 'ಹಸಿಯಾಗಿ ತಿನ್ನಬಹುದು' ಅಂತ ಸ್ಪಷ್ಟವಾಗಿ ಅಚ್ಚಾಗಿದ್ದರೆ ಮಾತ್ರ ಬೇರೆ ಮಾತು.

ಆರೋಗ್ಯದ ಮಾತು ಪಕ್ಕಕ್ಕಿಟ್ಟರೂ ಆ ಉಂಡೆ ರುಚಿಯಾಗಿರುವುದಿಲ್ಲ. ಒಮ್ಮೆ ಒಬ್ಬರು ಪ್ರೀತಿಯಿಂದ ತಂದುಕೊಟ್ಟಿದ್ದರು. ಹಸಿ ಮಿಕ್ಸ್ ಅಂತ ನನಗೆ ಗೊತ್ತಿರಲಿಲ್ಲ. ಕಚ್ಚಿದ ತಕ್ಷಣ ಗೊತ್ತಾಯಿತು. ಹಿಟ್ಟು ಅಂಗುಳಕ್ಕೆ ಮೆತ್ತಿಕೊಂಡಿತು, ಹಲ್ಲಿನ ಮಧ್ಯೆ ಪುಡಿ ಪುಡಿ. ಕೊನೆಗೆ ನಾಲಿಗೆಯ ಹಿಂಭಾಗದಲ್ಲಿ ಸೋಪು ತಿಂದಂಥ ಕಹಿ ಉಳಿಯಿತು. ಆ ಕಹಿ ಸೋಡಾದ್ದು. ಮಿಕ್ಸ್‌ನಲ್ಲಿ ಕೇಕ್ ಉಬ್ಬಲು ಬೇಕಾದಷ್ಟು ಸೋಡಾ, ಬೇಕಿಂಗ್ ಪೌಡರ್ ಇರುತ್ತವೆ. ಅವು ಒದ್ದೆಯಾಗಿ, ಬಿಸಿ ತಾಗಿ ಕೆಲಸ ಮುಗಿಸಬೇಕು. ಬೇಯಿಸದಿದ್ದರೆ ಅವು ಬಾಯಿಗೇ ಬರುತ್ತವೆ.

ರಮ್ ಬಾಲ್ ಅನ್ನುವುದು ಬೆಂದ ಕೇಕಿನ ತಿಂಡಿ. ಡೆನ್ಮಾರ್ಕಿನ ಬೇಕರಿಗಳಲ್ಲಿ ಇದನ್ನು ಉಳಿದ ಕೇಕ್, ಪೇಸ್ಟ್ರಿಗಳನ್ನು ಪುಡಿ ಮಾಡಿಯೇ ಕಟ್ಟುತ್ತಾ ಬಂದಿದ್ದಾರೆ. ಹಾಗಾಗಿ ಕೇಕ್ ಬೇಯಿಸಿ. ಓವನ್ ಇಲ್ಲವಾ? ಹಿಟ್ಟು ಕಲಸಿ ಹಬೆಯಲ್ಲಿ ಬೇಯಿಸಿ. ಮೈಕ್ರೋವೇವ್‌ನಲ್ಲೂ ಕಲಸಿದ ಹಿಟ್ಟನ್ನು ಪೂರ್ತಿ ಬೇಯಿಸಬಹುದು. ನಡುವಿನ ಭಾಗ ಬೆಂದಿದೆಯಾ ಅಂತ ಮಾತ್ರ ಕಡ್ಡಿ ಚುಚ್ಚಿ ನೋಡಲೇಬೇಕು. ಕೇಕ್ ಉಬ್ಬದಿದ್ದರೂ, ಬಿರುಕು ಬಿಟ್ಟರೂ, ಸೊಟ್ಟಗಾದರೂ ಚಿಂತೆ ಇಲ್ಲ. ಹೇಗೂ ಪುಡಿ ಮಾಡುವುದೇ ಅಲ್ವಾ? ಇಷ್ಟು ಸುಲಭದ ಕೆಲಸವನ್ನು ಬಿಟ್ಟು ಜನ ಹಸಿ ಪುಡಿ ಯಾಕೆ ತಿನ್ನುತ್ತಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಉಂಡೆಗೆ ಬೇಕಾದ ಕೇಕ್ ಮಾತ್ರ ಮೆತ್ತಗಿರಬಾರದು. ಪ್ಯಾಕೆಟ್‌ನಲ್ಲಿ ಹೇಳಿದ್ದಕ್ಕಿಂತ ಮೂರು ಟೇಬಲ್ ಸ್ಪೂನ್ ನೀರು ಕಮ್ಮಿ ಹಾಕುತ್ತೇನೆ. ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡುತ್ತೇನೆ. ಪೂರ್ತಿ ಆರಿದ ಮೇಲೆ ಕೈಯಲ್ಲೇ ಪುಡಿ ಮಾಡಿ, ತೆಳು ಬಟ್ಟೆ ಮುಚ್ಚಿ ಒಂದು ರಾತ್ರಿ ಬಿಡುತ್ತೇನೆ. ಅಂಚಿನ ಗಟ್ಟಿ ತುಂಡುಗಳನ್ನು ತೆಗೆದುಹಾಕಿ, ಇಲ್ಲದಿದ್ದರೆ ಉಂಡೆಯೊಳಗೆ ಕಲ್ಲಿನ ಹಾಗೆ ಸಿಗುತ್ತವೆ. ಬೆಳಿಗ್ಗೆ ಒಂದು ಮುಷ್ಟಿ ಪುಡಿ ಹಿಡಿದು ಅದುಮಿ ನೋಡಿ. ಬೆರಳಿನ ಗುರುತು ಉಳಿದು, ಮೆಲ್ಲಗೆ ತಟ್ಟಿದರೆ ಉದುರಿಹೋಗಬೇಕು. ತಟ್ಟಿದರೂ ಮುದ್ದೆಯಾಗೇ ಉಳಿದರೆ ಇನ್ನೂ ಒದ್ದೆ ಇದೆ ಅಂತ ಅರ್ಥ. ಇನ್ನು ಎರಡು ಗಂಟೆ ಹರಡಿಡಿ.

ಪ್ರಶ್ನೆ: ಬೆಂದ ಕೇಕ್‌ನಲ್ಲೇ ಮಾಡಿದೆ. ಆದರೂ ಉಂಡೆ ಕೈಗೆ ಅಂಟುತ್ತದೆ, ತಟ್ಟೆಯಲ್ಲಿಟ್ಟರೆ ಚಪ್ಪಟೆಯಾಗುತ್ತದೆ. ಐಸಿಂಗ್ ಶುಗರ್ ಹಾಕಿದಷ್ಟೂ ಹಾಳಾಯಿತು.

ಉತ್ತರ: ಹಾಳಾಗದೆ ಏನಾಗುತ್ತದೆ? ಐಸಿಂಗ್ ಶುಗರ್ ರಮ್‌ನಲ್ಲಿ ಕರಗಿ ಪಾಕವಾಗುತ್ತದೆ. ಒದ್ದೆ ಹೀರುವುದು ಕೋಕೋ ಪುಡಿ ಮತ್ತು ಒಣಗಿದ ಕೇಕ್ ಪುಡಿ. ಅವನ್ನು ಹಾಕಿ.

ಅದಕ್ಕೂ ಮೊದಲು, ಏನೂ ಹಾಕದೆ ಅರ್ಧ ಗಂಟೆ ಸುಮ್ಮನಿರಿ. ಕೇಕ್ ಪುಡಿ ರಮ್ ಹೀರಲು ಹೊತ್ತು ತೆಗೆದುಕೊಳ್ಳುತ್ತದೆ. ಆಮೇಲೆ ಒಂದು ಗಂಟೆ ಫ್ರಿಜ್‌ನಲ್ಲಿಡಿ. ಬೆಣ್ಣೆ, ಚಾಕೊಲೇಟ್ ಗಟ್ಟಿಯಾದರೆ ಮುಕ್ಕಾಲು ತೊಂದರೆ ಅಲ್ಲೇ ಮುಗಿಯುತ್ತದೆ.

ನನ್ನ ಅಳತೆ ಇದು. 500 ಗ್ರಾಂ ಕೇಕ್ ಪುಡಿಗೆ 100 ಗ್ರಾಂ ಡಾರ್ಕ್ ಚಾಕೊಲೇಟ್, 50 ಗ್ರಾಂ ಬೆಣ್ಣೆ, ಎರಡು ಟೇಬಲ್ ಸ್ಪೂನ್ ಕೋಕೋ, ನಾಲ್ಕು ಟೇಬಲ್ ಸ್ಪೂನ್ ರಮ್. 20 ಗ್ರಾಂನ ಸುಮಾರು 36 ಉಂಡೆ ಆಗುತ್ತವೆ. ಬಾಟಲಿಯಿಂದ ನೇರವಾಗಿ ರಮ್ ಸುರಿಯಬೇಡಿ, ಸ್ಪೂನ್‌ನಲ್ಲೇ ಅಳೆಯಿರಿ. ಆ ರಮ್ಮನ್ನು ಕರಗಿದ ಚಾಕೊಲೇಟ್‌ಗೂ ಹಾಕಬೇಡಿ. ಹೊಳೆಯುತ್ತಾ ಇದ್ದ ಚಾಕೊಲೇಟ್ ಒಂದು ಸ್ಪೂನ್ ದ್ರವ ಬಿದ್ದ ಕೂಡಲೇ ಮಂಕಾಗಿ, ಒದ್ದೆ ಮರಳಿನ ಹಾಗೆ ಗಟ್ಟಿಯಾಗುತ್ತದೆ. ರಮ್ ಮೊದಲು ಕೇಕ್ ಪುಡಿಗೆ ಹೋಗಬೇಕು. ಅದು ಹೀರಿಕೊಂಡ ಮೇಲೆ ಬೆಣ್ಣೆ, ಚಾಕೊಲೇಟ್ ಕರಗಿಸಿ ಹಾಕಿ. ಉಂಡೆ ಬಿರಿಯುತ್ತಿದ್ದರೆ ಇನ್ನೊಂದಿಷ್ಟು ಕರಗಿದ ಚಾಕೊಲೇಟ್ ಹಾಕಿ, ರಮ್ ಅಲ್ಲ.

ಪ್ರಶ್ನೆ: ರಮ್ಮಿನ ಆಲ್ಕೋಹಾಲ್ ಆರಿಹೋಗುತ್ತದಲ್ವಾ? ಮಕ್ಕಳಿಗೆ ಕೊಡಬಹುದಾ?

ಉತ್ತರ: ಆರಿಹೋಗಲು ಇಲ್ಲಿ ಒಲೆಯೇ ಇಲ್ಲ. ಕೇಕ್ ಬೆಂದು ಆರಿದ ಮೇಲೆ ರಮ್ ಹಾಕುತ್ತೇವೆ, ಉಂಡೆ ಕಟ್ಟುತ್ತೇವೆ, ಡಬ್ಬಿ ಮುಚ್ಚುತ್ತೇವೆ. ಹಾಕಿದ್ದು ಹೆಚ್ಚುಕಮ್ಮಿ ಹಾಗೇ ಇರುತ್ತದೆ. ಬೇಯಿಸಿದರೂ ಪೂರ್ತಿ ಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿ ಪ್ರಕಾರ ಆಲ್ಕೋಹಾಲನ್ನು ಕಲಸದೆ ಹಾಕಿ 25 ನಿಮಿಷ ಓವನ್‌ನಲ್ಲಿ ಬೇಯಿಸಿದ ಪದಾರ್ಥದಲ್ಲೂ ಅದರ ಶೇ. 45 ಉಳಿದಿರುತ್ತದೆ.

ಮೇಲಿನ ಅಳತೆಯಲ್ಲಿ ಒಂದು ಉಂಡೆಗೆ ಸುಮಾರು ಅರ್ಧ ಗ್ರಾಂ ಆಲ್ಕೋಹಾಲ್ ಬರುತ್ತದೆ. ದೊಡ್ಡವರಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಮಕ್ಕಳು ಒಂದಕ್ಕೆ ನಿಲ್ಲುವುದಿಲ್ಲ. ಒಂದು ಸಮಾರಂಭಕ್ಕೆ ನಾನು ಎರಡು ತಟ್ಟೆ ಮಾಡಿಟ್ಟಿದ್ದೆ, ಒಂದು ರಮ್ ಹಾಕಿದ್ದು, ಇನ್ನೊಂದು ಹಾಕದ್ದು. ನೋಡಲು ಎರಡೂ ಒಂದೇ. ಐದು ವರ್ಷದ ಹುಡುಗಿ ರಮ್ ಇದ್ದ ತಟ್ಟೆಯಿಂದ ನಾಲ್ಕು ತಿಂದಳು. ಅವಳಿಗೆ ಏನೂ ಆಗಲಿಲ್ಲ. ಆದರೆ ಅವಳ ತಾಯಿಯೂ ನಾನೂ ಆ ರಾತ್ರಿ ನಿದ್ದೆ ಮಾಡಲಿಲ್ಲ. ಅಂದಿನಿಂದ ರಮ್ ಇರುವುದನ್ನು ಕೋಕೋ ಪುಡಿಯಲ್ಲಿ ಮಾತ್ರ ಹೊರಳಿಸುತ್ತೇನೆ, ಇಲ್ಲದ್ದನ್ನು ಬಿಳಿ ಕೊಬ್ಬರಿ ತುರಿಯಲ್ಲಿ. ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಅಕ್ಷರದಲ್ಲಿ 'ರಮ್ ಇದೆ' ಅಂತ ಬರೆಯುತ್ತೇನೆ. ಯಾರಿಗಾದರೂ ಕೊಡುವಾಗ ಬಾಯಿಬಿಟ್ಟು ಹೇಳುತ್ತೇನೆ. ಕುಡಿತ ಬಿಟ್ಟವರಿಗೆ, ಧರ್ಮ ಅಥವಾ ಔಷಧಿಯ ಕಾರಣಕ್ಕೆ ಮುಟ್ಟದವರಿಗೆ ಗೊತ್ತಿಲ್ಲದೆ ತಿನ್ನಿಸುವುದು ತಪ್ಪು. 'ಸ್ವಲ್ಪ ತಾನೆ' ಅನ್ನುವ ಮಾತು ನನ್ನ ಹತ್ತಿರ ಬೇಡ.

ಪ್ರಶ್ನೆ: ಮಗುವಿಗೆ ಶೀತ ಇದ್ದಾಗ ಅರ್ಧ ಉಂಡೆ ಕೊಟ್ಟರೆ ಎದೆ ಬೆಚ್ಚಗಾಗುತ್ತದೆ ಅಂತಾರೆ, ಹೌದಾ?

ಉತ್ತರ: ಸುಳ್ಳು. ಹಾಗೆ ಹೇಳಿದವರ ಹತ್ತಿರ ಇನ್ನು ಮುಂದೆ ಮದ್ದು ಕೇಳಬೇಡಿ, ವೈದ್ಯರ ಹತ್ತಿರ ಹೋಗಿ.

ಪ್ರಶ್ನೆ: ಗರ್ಭಿಣಿಯರು ಒಂದೇ ಒಂದು ತಿನ್ನಬಹುದಾ?

ಉತ್ತರ: ಬೇಡ. ರಮ್ ಇಲ್ಲದ್ದನ್ನು ಎರಡು ತಿನ್ನಲಿ.

ಪ್ರಶ್ನೆ: ಬಿಳಿ ರಮ್ಮಾ, ಡಾರ್ಕ್ ರಮ್ಮಾ? ದುಬಾರಿಯದ್ದೇ ಬೇಕಾ?

ಉತ್ತರ: ಡಾರ್ಕ್. ದುಬಾರಿ ಬೇಡ, ಕೋಕೋ ಮುಂದೆ ಆ ಸೂಕ್ಷ್ಮ ರುಚಿಯೆಲ್ಲ ಗೊತ್ತಾಗುವುದಿಲ್ಲ.

ಪ್ರಶ್ನೆ: ರಮ್ ಬದಲು ಎಸೆನ್ಸ್ ಹಾಕಬಹುದಾ?

ಉತ್ತರ: ಹಾಕಬಹುದು. ಅರ್ಧ ಟೀ ಸ್ಪೂನ್‌ನಿಂದ ಶುರು ಮಾಡಿ, ಜಾಸ್ತಿಯಾದರೆ ಔಷಧಿ ವಾಸನೆ ಬರುತ್ತದೆ. ಒದ್ದೆಗೆ ಆರಿದ ಕಾಫಿ ಡಿಕಾಕ್ಷನ್ ಅಥವಾ ಕಿತ್ತಳೆ ರಸ ಸೇರಿಸಿ. ಕೆಲವು ಎಸೆನ್ಸ್‌ಗಳಲ್ಲೂ ಆಲ್ಕೋಹಾಲ್ ಇರುತ್ತದೆ. ಪೂರ್ತಿ ಬೇಡ ಅನ್ನುವವರು ಬಾಟಲಿಯ ಮೇಲಿನ ಚೀಟಿ ಓದಿಯೇ ಕೊಳ್ಳಿ.

ಪ್ರಶ್ನೆ: ರಮ್ ಇದೆಯಲ್ಲ, ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡುವುದಿಲ್ಲ ತಾನೆ?

ಉತ್ತರ: ಮತ್ತೆ ಅದೇ ಮೂರು ಪಾಲಿನ ಲೆಕ್ಕ. ಅಷ್ಟು ರಮ್ ಏನನ್ನೂ ಕಾಪಾಡುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ, ಒಂದು ವಾರದೊಳಗೆ ಮುಗಿಸಿ. ಜಾಸ್ತಿ ಮಾಡಿದ್ದರೆ ಹೊರಳಿಸದೆ ಹಾಗೇ ಫ್ರೀಜರ್‌ಗೆ ಹಾಕಿ, ಎರಡು ತಿಂಗಳು ಇಡಬಹುದು. ಮಾಡಿದ ದಿನ ರಮ್ ಸ್ವಲ್ಪ ಖಾರ ಹೊಡೆಯುತ್ತದೆ, ಮಾರನೇ ದಿನ ಚಾಕೊಲೇಟ್ ಜೊತೆ ಹೊಂದಿಕೊಳ್ಳುತ್ತದೆ. ಶನಿವಾರ ಬೇಕಿದ್ದರೆ ಗುರುವಾರ ಕೇಕ್ ಬೇಯಿಸಿ, ಶುಕ್ರವಾರ ಉಂಡೆ ಕಟ್ಟಿ. ತಿನ್ನುವ ಇಪ್ಪತ್ತು ನಿಮಿಷ ಮೊದಲು ಹೊರಗೆ ತೆಗೆದಿಡಿ. ಕೋಕೋದಲ್ಲಿ ಮತ್ತೊಮ್ಮೆ ಹೊರಳಿಸಬೇಕಾಗುತ್ತದೆ, ಮೊದಲು ಹಾಕಿದ್ದನ್ನು ಉಂಡೆ ಹೀರಿಕೊಂಡಿರುತ್ತದೆ.